ಕಡಲಾಳದ ಅಣ್ವಸ್ತ್ರ, ಕಾವಲಿನ ಗೋಡೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮಗೂ ಅಣ್ವಸ್ತ್ರದ ಜಲಾಂತರ್ಗಾಮಿಗೂ ಏನು ನಂಟು ಎಂದು ನೀವು ಕೇಳಬಹುದು. ಕೂಡ್ಲಿಗಿಯಿಂದ ತೆಂಕಣಕ್ಕೆ, ಚಳ್ಳಕೆರೆ ಸೀಮೆಗೆ ಹೋದವರು ಕಾವಲಿನ, ಅಂದರೆ ಹುಲ್ಲುಗಾವಲಿನ, ಸುತ್ತ ಎದ್ದ ಉದ್ದನೆಯ ಗೋಡೆಗಳನ್ನು ಕಂಡಿರುತ್ತೀರಿ. ನನ್ನ ಮಾತು ಹೋಗಿ ಮುಟ್ಟುವುದು ಅಲ್ಲಿಗೇ.

ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸುವುದಿಲ್ಲ ಎಂಬ ನೀತಿಯನ್ನು ಭಾರತ 2003ರ ಜನವರಿಯಲ್ಲಿ ಅಧಿಕೃತವಾಗಿ ಪ್ರಕಟಿಸಿತು. ಹಾಗೆಂದ ಮೇಲೆ ಮೊದಲ ಏಟು ತಿಂದೂ ತಿರುಗಿ ಹೊಡೆಯುವಷ್ಟು ಉಳಿದಿರಬೇಕು. ವಿಮಾನ ನಿಲ್ದಾಣ, ನೆಲದ ಕ್ಷಿಪಣಿ ನೆಲೆ ಎಲ್ಲವೂ ಉಪಗ್ರಹದ ಕಣ್ಣಿಗೆ ಬೀಳುತ್ತವೆ. ಆಳ ಸಮುದ್ರದಲ್ಲಿರುವುದನ್ನು ಹುಡುಕುವುದು ಬಲು ಕಷ್ಟ. ಎದುರಾಳಿಯ ಕೈ ಕಟ್ಟುವುದು ಈ ಕಷ್ಟವೇ.

ಡೀಸೆಲ್ ಜಲಾಂತರ್ಗಾಮಿ ಬ್ಯಾಟರಿ ತುಂಬಿಸಿಕೊಳ್ಳಲು ಆಗಾಗ ನೀರಿನ ಮೇಲ್ಮೈ ಹತ್ತಿರ ಬಂದು ಗಾಳಿ ಎಳೆದುಕೊಳ್ಳಬೇಕು, ಸಿಕ್ಕಿಬೀಳುವುದೂ ಆಗಲೇ. ಪರಮಾಣು ರಿಯಾಕ್ಟರಿಗೆ ಗಾಳಿ ಬೇಡ. ಒಳಗಿನವರ ಆಹಾರದ ದಾಸ್ತಾನು ಮುಗಿಯುವ ತನಕ ಅಡಗಿರಬಹುದು. 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿದ ನಮ್ಮ ಪರಮಾಣು ಜಲಾಂತರ್ಗಾಮಿ ಅರಿಹಂತ್ 2018ರಲ್ಲಿ ತನ್ನ ಮೊದಲ ಅಣ್ವಸ್ತ್ರ ಗಸ್ತು ಮುಗಿಸಿತು. 2024ರ ಆಗಸ್ಟ್ 29ರಂದು ಅದೇ ಬಗೆಯ ಅರಿಘಾತ್ ನೌಕಾಪಡೆ ಸೇರಿತು. ಅರಿಹಂತ್‌ನ ಕೆ-15 ಕ್ಷಿಪಣಿ ಸುಮಾರು 750 ಕಿಲೋಮೀಟರ್ ಹೋಗುತ್ತದೆ, ಅಂದರೆ ಶತ್ರುವಿನ ಕರಾವಳಿಯ ಹತ್ತಿರಕ್ಕೇ ಹೋಗಬೇಕು. ಸುಮಾರು 3,500 ಕಿಲೋಮೀಟರ್ ಹೋಗುವ ಕೆ-4 ಇದ್ದರೆ ಬಂಗಾಳಕೊಲ್ಲಿಯಲ್ಲೇ ಅಡಗಿ ಕೂರಬಹುದು.

ಇದಕ್ಕಿಂತ ಹೆಚ್ಚು ಸರ್ಕಾರ ಹೇಳುವುದಿಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಒಂದೇ ಸಾಲಿನ ಕಾರಣಿಕ (ಭವಿಷ್ಯ) ನುಡಿದು ಬಿಡುತ್ತಾನೆ, ವರ್ಷವಿಡೀ ಅರ್ಥ ಹಚ್ಚುವವರು ನಾವು. ದೆಹಲಿಯ ಹೇಳಿಕೆಗಳೂ ಅದೇ ಜಾತಿಯವು, ಅರ್ಥ ಹಚ್ಚುವವರು ಮಾತ್ರ ಬೀಜಿಂಗ್, ಇಸ್ಲಾಮಾಬಾದಿನಲ್ಲಿದ್ದಾರೆ.

ಇನ್ನು ಇಂಧನದ ಮಾತು. ನಮ್ಮ ಕೈಗಾ ಸ್ಥಾವರ ಭೂಮಿಯಿಂದ ತೆಗೆದ ಯುರೇನಿಯಂ ಅನ್ನೇ, ಸಾಂದ್ರಗೊಳಿಸದೆ, ಉರಿಸುತ್ತದೆ. ಅದರಲ್ಲಿ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ. ಜಲಾಂತರ್ಗಾಮಿಯ ಇಕ್ಕಟ್ಟಾದ ಒಡಲಿನ ಪುಟ್ಟ ರಿಯಾಕ್ಟರಿಗೆ ಅಷ್ಟು ಸಾಲದು. ಅನಿಲರೂಪದ ಯುರೇನಿಯಂ ಅನ್ನು ವಿಪರೀತ ವೇಗದಲ್ಲಿ ತಿರುಗಿಸಿ, ಹಗುರವಾದ 235ನ್ನು ಬೇರ್ಪಡಿಸಬೇಕು. ಆ ಕೆಲಸ ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿ ನಡೆದಿದೆ. ಮತ್ತೊಂದು ದೊಡ್ಡ ಘಟಕಕ್ಕೆಂದು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ ಕೊಡಲಾಯಿತು. ಅದನ್ನು ಅಂತಾರಾಷ್ಟ್ರೀಯ ತಪಾಸಣೆಗೆ ಒಡ್ಡುವುದಿಲ್ಲ, ಬೇರೆ ಬೇರೆ ಬಳಕೆಯ ದಾರಿ ತೆರೆದಿಟ್ಟಿದ್ದೇವೆ ಎಂದು 2011ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಶ್ರೀಕುಮಾರ್ ಬ್ಯಾನರ್ಜಿ ತಿಳಿಸಿದ್ದರು. ನೌಕಾಪಡೆಯ ಇಂಧನವೂ ಅದರಲ್ಲಿ ಸೇರಿರಬಹುದು ಎಂದೇ ತಜ್ಞರ ಓದು, ನನ್ನದೂ.

ವಿಚಿತ್ರವೆಂದರೆ ಉಳ್ಳಾರ್ತಿಯಂಥ ಈ ಕಾವಲುಗಳು, ಅಮೃತಮಹಲ್ ತಳಿಯ ದನಗಳ ಮೇವಿನ ನೆಲಗಳು, ಹಿಂದಿನಿಂದಲೂ ಯುದ್ಧದ ನೆಲ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದದ್ದು ಈ ತಳಿಯ ಎತ್ತುಗಳೇ, ಆಮೇಲೆ ಬ್ರಿಟಿಷರ ತೋಪು ಎಳೆದದ್ದೂ ಅವೇ. ಕ್ರಮೇಣ ಸುತ್ತಲ ಊರಿನವರ ದನಕುರಿಗೂ ಅಲ್ಲಿ ಹುಲ್ಲು ಸಿಕ್ಕಿತು. ಗೋಡೆ ಬಂದ ಮೇಲೆ ಅದೂ ನಿಂತಿತು. ಕುರಿಗಾರರ ತಕರಾರು 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠ ಮುಟ್ಟಿತು.

ಜಲಾಂತರ್ಗಾಮಿ ಈ ಹೊತ್ತು ಎಲ್ಲಿದೆ ಎಂದು ಕೇಳುವ ಹಕ್ಕು ನನಗಿಲ್ಲ. ಅದು ಗುಟ್ಟಾಗಿರದಿದ್ದರೆ ಕಟ್ಟಿದ್ದೇ ದಂಡ. ಆದರೆ ಗೋಡೆಯೊಳಗಿನ ಘಟಕ ಯಾವ ನೀರು ಬಳಸುತ್ತದೆ, ಹೊರಗಿನ ಬೋರ್‌ವೆಲ್ಲಿನ ನೀರನ್ನು ಯಾರು ಪರೀಕ್ಷಿಸುತ್ತಾರೆ, ಕಳೆದ ಹುಲ್ಲುಗಾವಲಿಗೆ ಬದಲು ನೆಲ ಎಲ್ಲಿ — ಇವು ಯಾವ ಶತ್ರುವಿಗೂ ಉಪಯೋಗಕ್ಕೆ ಬಾರದ ಸಂಗತಿಗಳು. ಉತ್ತರವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಅರಿಹಂತ್‌ಗೆ ಏನೂ ಆಗುವುದಿಲ್ಲ.