ಮಾತಿಗೊಂದು ಚಿತ್ರ

(ಬೆಂಗಳೂರಿನ ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ, ಬಡಾವಣೆಯ ನಿವಾಸಿಗಳು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ.)



ಫಲವಿಲ್ಲದ ಕೆಲಸ ಕಂಡಾಗ ನಮ್ಮ ಅಜ್ಜಿಯರು 'ಇದು ನಿಷ್ಪ್ರಯೋಜಕ' ಎಂದು ಹೇಳುತ್ತಿರಲಿಲ್ಲ. 'ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ' ಎನ್ನುತ್ತಿದ್ದರು. ಕೈಗೆಟುಕದ ಸಂಪತ್ತನ್ನು 'ಕನ್ನಡಿಯೊಳಗಿನ ಗಂಟು' ಎಂದರು. ಕೇಳಿದವರ ಕಣ್ಣ ಮುಂದೆ ಹೊಳೆ ಹರಿಯುತ್ತದೆ, ಹುಳಿಯೆಲ್ಲ ನೀರುಪಾಲಾಗುತ್ತದೆ. ಮತ್ತೆ ವಿವರಣೆ ಬೇಕಾಗುವುದಿಲ್ಲ. ಪಂಡಿತರು ಇದನ್ನು ಉಪಮೆ, ರೂಪಕ ಎಂದು ಕರೆದು ಅಲಂಕಾರಗಳ ಪಟ್ಟಿಗೆ ಸೇರಿಸಿದರು. ಆದರೆ ಅಜ್ಜಿಗೆ ಅದು ಒಡವೆಯಾಗಿರಲಿಲ್ಲ, ದಿನಬಳಕೆಯ ಪಾತ್ರೆಯಾಗಿತ್ತು.

ಈ ಪಾತ್ರೆಯನ್ನು ಚೆನ್ನಾಗಿ ಬಳಸಿದವರು 11-12ನೇ ಶತಮಾನಗಳ ಶರಣರು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ದೇಹವನ್ನೇ ದೇಗುಲವಾಗಿ ತೋರಿಸಿದರು. ಗುಡಿ ಕಟ್ಟಿಸಲು ಹಣವಿಲ್ಲದವನಿಗೂ, ಗುಡಿಯೊಳಗೆ ಪ್ರವೇಶವಿಲ್ಲದವನಿಗೂ ದೇಹವಂತೂ ಇದೆಯಲ್ಲ! ಸಮಾನತೆಯ ಬಗ್ಗೆ ದೊಡ್ಡ ವ್ಯಾಖ್ಯಾನ ಮಾಡಬೇಕಾದಲ್ಲಿ ಒಂದು ಚಿತ್ರ ಸಾಕಾಯಿತು. ಅಂಬಿಗರ ಚೌಡಯ್ಯ ದೋಣಿಯ ಮೂಲಕ ಮಾತನಾಡಿದರೆ, ಜೇಡರ ದಾಸಿಮಯ್ಯ ನೇಕಾರನಾಗಿ ತಾನು ಕಂಡ ಲೋಕದಿಂದ ಮಾತು ತೆಗೆದ. ಚಿತ್ರಗಳು ಅರಮನೆಯಿಂದ ಬರಲಿಲ್ಲ, ಕೇಳುವವರ ಮನೆ, ಮಗ್ಗ, ಹೊಳೆಗಳಿಂದ ಬಂದವು. ಅವು ಜನರಿಗೆ ತಲುಪಿದ್ದರ ಗುಟ್ಟು ಇಲ್ಲಿದೆ.

ಎಂಟು ಶತಮಾನಗಳ ನಂತರ ಇದೇ ಉಪಾಯ ಸರ್ಕಾರಕ್ಕೂ ಬೇಕಾಯಿತು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದುಬರಹ ಬಲ್ಲವರು 100ಕ್ಕೆ ಸುಮಾರು 18 ಮಂದಿ. ಅದೇ ವರ್ಷದ ಅಕ್ಟೋಬರಿನಲ್ಲಿ ಮೊದಲ ಮಹಾಚುನಾವಣೆ ಆರಂಭವಾಯಿತು. ಅಭ್ಯರ್ಥಿಯ ಹೆಸರು ಓದಲಾರದವರು ಮತ ಹಾಕುವುದು ಹೇಗೆ? ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನ್ ಅವರ ಆಯೋಗ ಪಕ್ಷಗಳಿಗೆ ಚಿಹ್ನೆಗಳನ್ನು ಕೊಟ್ಟಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ, ಕಮ್ಯುನಿಸ್ಟರಿಗೆ ತೆನೆ-ಕುಡುಗೋಲು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಮತಪತ್ರವನ್ನು ತಮಗೆ ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು.

ಎತ್ತು, ಗುಡಿಸಲು, ದೀಪ - ಎಲ್ಲವೂ ಮತದಾರ ದಿನವೂ ಕಾಣುವ ವಸ್ತುಗಳೇ. ಆದರೆ ಗುಡಿಸಲಿನ ಚಿತ್ರವಿರುವ ಪಕ್ಷ ಗುಡಿಸಲಿನಲ್ಲಿ ಇರುವವನಿಗೆ ಏನು ಮಾಡುತ್ತದೆ ಎಂಬುದನ್ನು ಆ ಚಿತ್ರ ಹೇಳಲಾರದು. ಚಿತ್ರ ಬಾಗಿಲು ತೆರೆಯುತ್ತದೆ. ಒಳಗೆ ಏನಿದೆ ಎಂದು ನಾವೇ ಹೋಗಿ ನೋಡಬೇಕು.

ಈಗ ನಮ್ಮ ಬಾಗಿಲಿಗೇ ಬರೋಣ. ಬೇಸಿಗೆ ಬಂದರೆ ಪತ್ರಿಕೆಗಳಲ್ಲಿ ನೀರಿನ ಸುದ್ದಿ, ಸುದ್ದಿಯ ತುಂಬ ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಈ ಅಂಕಿ ಓದಿ ಯಾರೂ ನಲ್ಲಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಅದನ್ನು ಹೀಗೆ ಹೇಳಿ ನೋಡೋಣ.

ಮಾಗಡಿ ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ತಿಪ್ಪಗೊಂಡನಹಳ್ಳಿ ಜಲಾಶಯ 1933ರಿಂದ ಬೆಂಗಳೂರಿಗೆ ನೀರು ಕೊಡತೊಡಗಿತು. ಅದು ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು. ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಿನ ಬಲದಿಂದ ಮೇಲೇರುತ್ತ ಬರುತ್ತದೆ. ಏರುವ ಎತ್ತರ ಸುಮಾರು 500 ಮೀಟರ್. ಬೆಂಗಳೂರಿಗಿಂತ ನಂದಿಬೆಟ್ಟ ಎತ್ತರವಾಗಿರುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಿಮ್ಮ ಅಡಿಗೆಮನೆಯ ಪ್ರತಿ ಬಿಂದಿಗೆ ಕಾವೇರಿ ನೀರೂ ಒಂದು ನಂದಿಬೆಟ್ಟ ಹತ್ತಿ ಬಂದದ್ದು! ಅದನ್ನು ಹೊತ್ತು ತಂದದ್ದು ವಿದ್ಯುತ್ತು. ಜಲಮಂಡಳಿಯ ಖರ್ಚಿನಲ್ಲಿ ಅದರದೇ ದೊಡ್ಡ ಪಾಲು. ಮುಂದೆ ಪೈಪಿನಲ್ಲಿ ಕಾರು ತೊಳೆಯುವಾಗ ಆ ಬೆಟ್ಟ ನೆನಪಿಗೆ ಬಂದರೆ ಈ ಲೆಕ್ಕ ಹೇಳಿದ್ದು ಸಾರ್ಥಕ.

ಕೊಳವೆ ಬಾವಿಯ ವಿಷಯದಲ್ಲಿ ಚಿತ್ರ ತಪ್ಪಿದರೆ ಏನಾಗುತ್ತದೆ ಎಂಬುದು ಇನ್ನೂ ಸ್ಪಷ್ಟ. ನೆಲದಡಿ ಗಂಗೆ ಹರಿಯುತ್ತಾಳೆ, ಆಳಕ್ಕೆ ಹೋದಷ್ಟೂ ಸಿಗುತ್ತಾಳೆ ಎಂಬುದು ನಮ್ಮಲ್ಲಿ ಅನೇಕರ ಮನಸ್ಸಿನ ಚಿತ್ರ. ವಾಸ್ತವದಲ್ಲಿ ಬೆಂಗಳೂರಿನ ಕಾಲಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಸಡಿಲ ಕಲ್ಲುಮಣ್ಣಿನ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ಬಿರುಕುಗಳು ಒಂದಕ್ಕೊಂದು ಕೂಡಿರುವ ಕಡೆ ನನ್ನ ಬಾವಿ, ನಿಮ್ಮ ಬಾವಿ ಎಂಬುದು ಒಂದೇ ಎಳನೀರಿಗೆ ಹಾಕಿದ ಹತ್ತು ಸ್ಟ್ರಾ ಇದ್ದಂತೆ. ಜೋರಾಗಿ ಹೀರಿದವರಿಗೆ ಮೊದಲು ಸಿಗುತ್ತದೆ, ಕೊನೆಗೆ ಎಲ್ಲರಿಗೂ ಬುರುಡೆಯೇ ಗತಿ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿದಾಗ ನಾವು ಕಂಡದ್ದು ಅದನ್ನೇ.

ಆದರೆ ಎಳನೀರಿನ ಹೋಲಿಕೆಗೂ ಒಂದು ಗಡಿಯಿದೆ. ಕುಡಿದ ಎಳನೀರು ಮತ್ತೆ ತುಂಬುವುದಿಲ್ಲ, ನೆಲ ತುಂಬುತ್ತದೆ. ಮಳೆನೀರನ್ನು ಇಂಗಿಸಿದರೆ ಬಿರುಕುಗಳಿಗೆ ನೀರು ಮರಳುತ್ತದೆ. 2009ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಬೆಂಗಳೂರಿನ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ್ದು ಈ ಕಾರಣಕ್ಕೇ. ಗಡಿ ಹೇಳದೆ ಎಳನೀರನ್ನಷ್ಟೇ ತೋರಿಸಿದರೆ ಜನ ಹೆದರಿಯಾರು, ಇಂಗುಗುಂಡಿ ತೋಡಲಾರರು.

ಆದ್ದರಿಂದ ಶಾಲೆಯಲ್ಲಿ ಪಾಠ ಹೇಳುವವರಿಗೆ, ಸಂಘಗಳಲ್ಲಿ ಅರ್ಜಿ ಬರೆಯುವವರಿಗೆ, ಪತ್ರಿಕೆಯಲ್ಲಿ ಬರೆಯುವ ನನ್ನಂಥವರಿಗೆ ಎರಡೇ ಸೂತ್ರ ಸಾಕು. ಚಿತ್ರವನ್ನು ಕೇಳುವವರ ಬದುಕಿನಿಂದ ತೆಗೆದುಕೊಳ್ಳಬೇಕು. ಅದು ಎಲ್ಲಿಯವರೆಗೆ ಸರಿ, ಎಲ್ಲಿಂದ ಸರಿಯಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಿದೆ. ಮಾತಿನ ಮಟ್ಟಿಗೆ ಮಾತ್ರ ಹಿತ್ತಲ ಗಿಡವೇ ಒಳ್ಳೆಯ ಮದ್ದು.