ಅಮ್ಮ ಕಟ್ಟಿದ ಬುತ್ತಿ



ಗುಂಡ್ಲುಪೇಟೆಯಲ್ಲಿ ಮಲೇರಿಯಾ ವಸ್ತುಪ್ರದರ್ಶನ ಇಟ್ಟಿದ್ದೇವೆ, ಉದ್ಘಾಟನೆಗೆ ಬನ್ನಿ ಎಂದು ಕರೆದಾಗ ನಾನು, 'ಈಗ ಇಲ್ಲಿ ಮಲೇರಿಯಾ ಎಲ್ಲಪ್ಪಾ ಇದೆ?' ಅಂದೆ. ಕರೆದ ಹುಡುಗ, 'ಕಾಣ್ತಿಲ್ಲ ಸಾರ್, ಅದಕ್ಕೇ ಇಟ್ಟಿರೋದು' ಅಂದ. ಆ ಮಾತು ಹಿಡಿಸಿತು, ಬಂದೆ.

ನನ್ನ ಅಜ್ಜಿಗೆ ಮಲೇರಿಯಾ ಎಂದರೆ ಚಳಿಜ್ವರ. ದಿನ ಬಿಟ್ಟು ದಿನ ಬರುವುದು, ನಾಲ್ಕು ಕಂಬಳಿ ಹೊದಿಸಿದರೂ ನಡುಕ ನಿಲ್ಲದಿರುವುದು. ಮಕ್ಕಳ ಎಡಪಕ್ಕೆಯ ಕೆಳಗೆ ಕೈಯಿಟ್ಟು ಒತ್ತಿ, ಗುಲ್ಮ ಊದಿದ್ದರೆ 'ಜ್ವರಗಡ್ಡೆ ಕಟ್ಟಿದೆ' ಎನ್ನುತ್ತಿದ್ದಳು. ಕಾಡಂಚಿನ ಊರಿಗೆ ಹೆಣ್ಣು ಕೊಡಬೇಡಿ ಎಂಬುದು ಅವಳ ಹಟ. ಅಲ್ಲೇ ಹುಟ್ಟಿ ಬೆಳೆದವರು ಹೇಗೋ ತಡೆದುಕೊಳ್ಳುತ್ತಾರೆ, ಹೊಸದಾಗಿ ಹೋದ ಸೊಸೆ ತಡೆಯಲಾರಳು ಎಂಬುದು ಅವಳ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನ ಈ ಲೆಕ್ಕದಲ್ಲಿ ಎಷ್ಟು ವಿಜ್ಞಾನವಿತ್ತು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಬಂಡೀಪುರ, ತೆಪ್ಪಕಾಡು, ಮಸಿನಗುಡಿ ದಾಟಿದರೆ ಸಿಗೂರು ಘಾಟಿ. 1897ರಲ್ಲಿ ವೈದ್ಯ ರೊನಾಲ್ಡ್ ರಾಸ್ ಊಟಿಯಿಂದ ಆ ಕಣಿವೆಗೆ ಇಳಿದಿದ್ದ. ಮಲೇರಿಯಾ ಹರಡುವ ಬಗೆ ಹುಡುಕಲು ಹೋದವನಿಗೇ ಮಲೇರಿಯಾ ಹಿಡಿಯಿತು! ಅವನೂ ಆ ಕಣಿವೆಗೆ ಹೊಸ ಸೊಸೆಯೇ ತಾನೆ. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ರೋಗಾಣುವನ್ನು ಕಂಡ. ಮುಂದೆ ಕೆಲವೇ ವರ್ಷಗಳಲ್ಲಿ ವಿಜ್ಞಾನಿ ರಾಬರ್ಟ್ ಕಾಖ್ ಜಾವಾ ಮತ್ತು ನ್ಯೂಗಿನಿಯ ಹಳ್ಳಿಗಳಲ್ಲಿ ರಕ್ತ ಪರೀಕ್ಷಿಸಿ, ಪುಟ್ಟ ಮಕ್ಕಳಲ್ಲಿ ರೋಗಾಣು ಹೇರಳ, ದೊಡ್ಡವರಲ್ಲಿ ವಿರಳ ಎಂದು ತೋರಿಸಿದ. ಅಜ್ಜಿಯ ಲೆಕ್ಕಕ್ಕೆ ಸಾಕ್ಷಿ ಸಿಕ್ಕಿತು.

ದೊಡ್ಡವರ ರಕ್ತದಲ್ಲಿ ಇರುವುದೇನು? 1961ರಲ್ಲಿ ವಿಜ್ಞಾನಿಗಳಾದ ಕೋಹೆನ್, ಮೆಕ್‌ಗ್ರೆಗರ್ ಮತ್ತು ಅವರ ಜೊತೆಗಾರರು ಆಫ್ರಿಕದ ಗ್ಯಾಂಬಿಯಾದಲ್ಲಿ ಜ್ವರವುಂಡು ಗಟ್ಟಿಯಾದ ದೊಡ್ಡವರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ರೋಗಾಣು ಇಳಿಯಿತು. ಆದರೆ ಆ ಪ್ರತಿಕಾಯ ಸಂಪಾದಿಸುವುದು ಸುಲಭವಲ್ಲ. ದಡಾರ ಒಮ್ಮೆ ಬಂದರೆ ಮತ್ತೆ ಬಾರದು. ಮಲೇರಿಯಾದ ರೋಗಾಣು ಹಾಗಲ್ಲ. ಕೆಂಪು ರಕ್ತಕಣದೊಳಗೆ ಅವಿತು ಕೂತು, ಹೊರಗೆ ತೋರಿಸುವ ಅಂಗಿಯನ್ನು ಬದಲಾಯಿಸುತ್ತಲೇ ಇರುತ್ತದೆ. ಫಾಲ್ಸಿಪಾರಂ ಜಾತಿಯದರ ಪೆಟ್ಟಿಗೆಯಲ್ಲಿ ಇಂಥ ಸುಮಾರು 60 ಅಂಗಿಗಳಿವೆ. ಒಂದನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು. ಹಾಗಾಗಿ ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಿಸಿಕೊಂಡವರಿಗಷ್ಟೇ ಈ ಶಕ್ತಿ, ಅದೂ ಅರೆಬರೆ. ಊರು ಬಿಟ್ಟು ಕೆಲ ವರ್ಷ ದೂರವಿದ್ದರೆ ಅದೂ ಸವೆಯುತ್ತದೆ.

ಇನ್ನು ತಾಯಿ ಮಗುವಿನ ವಿಷಯ. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ದಾಟುತ್ತವೆ. ದೂರದ ಪಯಣಕ್ಕೆ ಹೊರಟ ಮಗುವಿಗೆ ಅಮ್ಮ ಕಟ್ಟಿಕೊಟ್ಟ ಬುತ್ತಿ ಅದು. ಮಲೇರಿಯಾ ತುಂಬಿದ ಊರಿನಲ್ಲೂ ಎಳೆಗೂಸು ಮೊದಲ ಕೆಲವು ತಿಂಗಳು ತಕ್ಕಮಟ್ಟಿಗೆ ಪಾರಾಗುವುದಕ್ಕೆ ಇದೊಂದು ಕಾರಣ. ಹುಟ್ಟುವಾಗ ಇರುವ ಬೇರೆ ಬಗೆಯ ಹಿಮೋಗ್ಲೋಬಿನ್‌ನಲ್ಲಿ ರೋಗಾಣು ಚೆನ್ನಾಗಿ ಬೆಳೆಯದಿರುವುದು ಇನ್ನೊಂದು. ಆರು ತಿಂಗಳ ಹೊತ್ತಿಗೆ ಬುತ್ತಿ ಮುಗಿಯುತ್ತದೆ. ಆಮೇಲೆ ಮಗು ತಾನೇ ದುಡಿದು ತಿನ್ನಬೇಕು. ಆಫ್ರಿಕದಲ್ಲಿ ಅತಿ ಹೆಚ್ಚು ಮಕ್ಕಳು ಸಾಯುವುದು ಈ ದುಡಿಮೆ ಕಲಿಯುವ ಐದು ವರ್ಷದೊಳಗೇ. 'ನೈಸರ್ಗಿಕ ರೋಗನಿರೋಧಕ ಶಕ್ತಿ' ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಆ ಶಕ್ತಿಯ ಬೆಲೆ ತೆತ್ತವರು ಬದುಕುಳಿಯದ ಮಕ್ಕಳು.

ಚೊಚ್ಚಲ ಬಸುರಿಯ ಪಾಡು ಇನ್ನೂ ವಿಚಿತ್ರ. ಬಾಲ್ಯದಿಂದ ಜ್ವರವುಂಡು ಗಟ್ಟಿಯಾದವಳೂ ಮೊದಲ ಬಸಿರಿನಲ್ಲಿ ಸೋಲುತ್ತಾಳೆ. ಮಾಸು ಅವಳ ಮೈಗೇ ಹೊಸ ಅಂಗ. ರೋಗಾಣು ಹೊತ್ತ ಕಣಗಳು ಹೊಸದೊಂದು ಅಂಗಿ ತೊಟ್ಟು ಅಲ್ಲಿನ ಒಂದು ಸಕ್ಕರೆ ಅಣುವಿಗೆ ಅಂಟಿಕೊಳ್ಳುತ್ತವೆ. ಇದನ್ನು ಫ್ರೀಡ್ ಮತ್ತು ಡಫಿ 1996ರಲ್ಲಿ ಕಂಡುಹಿಡಿದರು. ಎರಡನೆಯ, ಮೂರನೆಯ ಬಸಿರಿನ ಹೊತ್ತಿಗೆ ಆ ಅಂಗಿಗೂ ಪ್ರತಿಕಾಯ ಬೆಳೆದಿರುತ್ತದೆ. ಆದರೆ ಚೊಚ್ಚಲು ಮಗು ತೂಕ ಕಡಿಮೆಯಾಗಿ ಹುಟ್ಟಿಯಾಗಿರುತ್ತದೆ. ರೋಗಾಣು ತುಂಬಿದ ಮಾಸು ದಡಾರದಂಥ ಬೇರೆ ರೋಗಗಳ ಪ್ರತಿಕಾಯಗಳನ್ನೂ ಸರಿಯಾಗಿ ದಾಟಿಸುವುದಿಲ್ಲ. ಅಂದರೆ ಬುತ್ತಿ ಕಟ್ಟುವ ಕೈಗೇ ಪೆಟ್ಟು.

ಬುತ್ತಿಯಲ್ಲದೆ ಪಿತ್ರಾರ್ಜಿತ ಆಸ್ತಿಯೂ ಒಂದಿದೆ. ಕುಡುಗೋಲಿನಂತೆ ಬಾಗುವ ರಕ್ತಕಣ, ಸಿಕಲ್ ಸೆಲ್. ನೀಲಗಿರಿಯ ಬುಡಕಟ್ಟುಗಳಲ್ಲಿ ಇದಿದೆ ಎಂದು ಲೇಮನ್ ಮತ್ತು ಕಟ್‌ಬುಶ್ 1952ರಲ್ಲಿ ತೋರಿಸಿದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ತೀವ್ರ ಮಲೇರಿಯಾದಿಂದ ಕಾಪಾಡುತ್ತದೆ. ಇಬ್ಬರಿಂದಲೂ ಬಂದರೆ ಜೀವನಪರ್ಯಂತ ನೋವು. ಜ್ವರ ಹೋದರೂ ಆ ಕುಡುಗೋಲು ಮನೆಯಲ್ಲೇ ಉಳಿದಿದೆ.

1947ರಲ್ಲಿ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಸಾವು ಎಂಬುದು ಅಂದಿನ ಅಂದಾಜು. 1953ರ ನಿಯಂತ್ರಣ ಕಾರ್ಯಕ್ರಮ ಅದನ್ನು ತಗ್ಗಿಸಿತು. 'ಮುಗಿಯಿತು' ಎಂದು ಕೈಕಟ್ಟಿ ಕೂತೆವು. 1976ರಲ್ಲಿ ಮತ್ತೆ 64 ಲಕ್ಷ. ಇಂದು ಗುಂಡ್ಲುಪೇಟೆಯಲ್ಲಿ ಬಾಣಂತಿಯಾಗುವ ಹುಡುಗಿಯ ಬುತ್ತಿಯಲ್ಲಿ ಮಲೇರಿಯಾದ ಪ್ರತಿಕಾಯ ಇಲ್ಲವೆಂದೇ ಹೇಳಬೇಕು. ಅವಳು ಆ ಜ್ವರ ಕಂಡೇ ಇಲ್ಲವಲ್ಲ! ನನಗೆ ಇದು ಸಂತೋಷದ ಸುದ್ದಿ. ಧನುರ್ವಾಯುವಿಗೆ ಆಶಾ, ಅಂಗನವಾಡಿ ಕಾರ್ಯಕರ್ತೆಯರಾದ ನೀವು ಬಸುರಿಯರಿಗೆ ಚುಚ್ಚಿಸುವ ಟಿ.ಡಿ. ಇಂಜೆಕ್ಷನ್ ಇದೆಯಲ್ಲ, ಅದು ರೋಗ ಬಾರದೆಯೇ ಬುತ್ತಿ ಕಟ್ಟಿಸುವ ಉಪಾಯ. ಮಲೇರಿಯಾಕ್ಕೆ ಬಸುರಿಯರಿಗೆ ಕೊಡುವಂಥದ್ದು ಇನ್ನೂ ಬಂದಿಲ್ಲ. ಪುಣೆಯಲ್ಲಿ ತಯಾರಾಗುವ ಆರ್21 ಲಸಿಕೆಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು, ಅದು ಹೋಗುತ್ತಿರುವುದು ಆಫ್ರಿಕದ ಮಕ್ಕಳಿಗೆ.

ಹಾಗಾದರೆ ನಮಗೆ? ಕೊಡಗಿನ ಕಾಫಿ ತೋಟದಿಂದಲೋ ಮಂಗಳೂರಿನ ಕಟ್ಟಡ ಕೆಲಸದಿಂದಲೋ ಮನೆಗೆ ಬಂದವನಿಗೆ ಜ್ವರವಿದ್ದರೆ ಅವತ್ತೇ ರಕ್ತ ನೋಡಬೇಕು. ಬಸುರಿಯಾದರೆ ಎರಡನೆಯ ಯೋಚನೆಯೇ ಬೇಡ. ಮೊದಲ ಬಸಿರೋ ಮೂರನೆಯದೋ ಎಂಬ ಭೇದ ನಮ್ಮಲ್ಲಿ ನಡೆಯುವುದಿಲ್ಲ, ಯಾರಲ್ಲೂ ಕವಚವಿಲ್ಲ.

ಟೇಪು ಕತ್ತರಿಸಿ ಎಂದು ಕತ್ತರಿ ಕೊಟ್ಟಿದ್ದಾರೆ. ಟೇಪು ಹಾಗೇ ಇರಲಿ. ಸೂಕ್ಷ್ಮದರ್ಶಕದ ಮೇಜಿನ ಹತ್ತಿರ ನಿಂತಿರುವ ಲ್ಯಾಬಿನ ಹುಡುಗಿ, ಬಾಮ್ಮ ಇಲ್ಲಿ. ಹೋದ ವಾರ ನಾನು ಮಂಗಳೂರಿಗೆ ಹೋಗಿ ಬಂದೆ, ನಿನ್ನೆಯಿಂದ ಮೈ ಬೆಚ್ಚಗಿದೆ. ಈ ಬೆರಳು ಚುಚ್ಚು, ಗಾಜಿನ ಮೇಲೆ ಒಂದು ಹನಿ ಎಳೆ. ಪ್ರದರ್ಶನ ಉದ್ಘಾಟನೆಯಾಯಿತು. ಏನು ಕಂಡಿತೆಂದು ಊಟದ ಹೊತ್ತಿಗೆ ಬಂದು ಹೇಳು.