ತೊಗರಿಯ ಧಾರಣೆ ಮತ್ತು ಸಣ್ಣ ಗಿರಣಿಯ ಲೆಕ್ಕ



ಆರ್ಥಿಕ ಹಿಂಜರಿತ ಎಂಬ ಮಾತನ್ನು ಪಠ್ಯಪುಸ್ತಕದಲ್ಲಿ ಓದುವಾಗ ನಮ್ಮ ಕಣ್ಣ ಮುಂದೆ ಬರುವುದು ಮುಂಬಯಿಯ ಷೇರು ಪೇಟೆ, ಇಲ್ಲವೆ ಅಮೆರಿಕದ ಬ್ಯಾಂಕುಗಳು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಅದು ತೊಗರಿಯ ಚೀಲದೊಳಗೆ ಕುಳಿತು ಬರುತ್ತದೆ. ಧಾರಣೆ ಬಿದ್ದರೆ ಹಿಂಜರಿತ. ಬೆಳೆಯೇ ಬಾರದಿದ್ದರೆ ಇನ್ನೊಂದು ಬಗೆಯ ಹಿಂಜರಿತ. ಅಂಥ ಕಾಲದಲ್ಲಿ ಒಂದು ಸಣ್ಣ ಬೇಳೆ ಗಿರಣಿ, ಒಂದು ಕಿರಾಣಿ ಅಂಗಡಿ ಹೇಗೆ ಬದುಕುತ್ತವೆ ಎಂಬುದನ್ನು ಇಂದು ನೋಡೋಣ.

ಮೊದಲು ಈ ಭಾಗದ ಹಣದ ಚಲನೆಯನ್ನು ತಿಳಿಯಬೇಕು. ತೊಗರಿಯನ್ನು ಜೂನ್-ಜುಲೈನಲ್ಲಿ ಬಿತ್ತಿದರೆ ರಾಶಿಯಾಗುವುದು ಡಿಸೆಂಬರ್-ಜನವರಿಯಲ್ಲಿ. ತೊಗರಿಯನ್ನೇ ನಂಬಿದ ಮನೆಗೆ ದೊಡ್ಡ ಹಣ ವರ್ಷಕ್ಕೊಮ್ಮೆ ಬರುತ್ತದೆ. ಉಳಿದ ತಿಂಗಳುಗಳಲ್ಲಿ ಊರು ನಡೆಯುವುದು ಉದ್ದರಿಯ ಮೇಲೆ. ಬಟ್ಟೆ, ಗೊಬ್ಬರ, ಔಷಧ, ಮಗನ ಕಾಲೇಜು ಶುಲ್ಕ, ಎಲ್ಲವೂ ‘ರಾಶಿಯಾದ ಮೇಲೆ’ ಎಂಬ ಒಂದು ಮಾತಿನ ಮೇಲೆ ನಿಂತಿರುತ್ತವೆ. ನಮ್ಮ ಕ್ಯಾಮರಾಕ್ಕೆ ಗಿರಣಿಯ ಯಂತ್ರ ಚೆನ್ನಾಗಿ ಕಾಣುತ್ತದೆ. ಉದ್ದರಿ ಪುಸ್ತಕ ಕಾಣುವುದಿಲ್ಲ. ಊರಿನ ನಿಜವಾದ ಯಂತ್ರ ಅದೇ.

ಈಗ ಒಂದು ಏರಿಳಿತದ ಕಥೆ. 2014 ಮತ್ತು 2015ರಲ್ಲಿ ಮುಂಗಾರು ದುರ್ಬಲವಾಯಿತು. 2015ರ ಅಕ್ಟೋಬರ್ ವೇಳೆಗೆ ದೇಶದ ಹಲವು ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಬಂದಿತ್ತು. ಈ ಬೆಲೆ ಕಂಡ ರೈತರು ಮುಂದಿನ ವರ್ಷ ಹೆಚ್ಚು ಹೊಲಕ್ಕೆ ತೊಗರಿ ಹಾಕಿದರು, ಮಳೆಯೂ ಕೈಹಿಡಿಯಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ದೇಶದ ತೊಗರಿ ಉತ್ಪಾದನೆ 2016-17ರಲ್ಲಿ 48 ಲಕ್ಷ ಟನ್ ದಾಟಿತು. ಜನ ಬೇಳೆ ಅಗ್ಗವಾಯಿತೆಂದು ಎರಡು ಪಟ್ಟು ಸಾರು ಕುಡಿಯುವುದಿಲ್ಲವಷ್ಟೆ! ಪೂರೈಕೆ ಇಮ್ಮಡಿಯಾಗಿ ಬೇಡಿಕೆ ಅಷ್ಟೇ ಉಳಿದರೆ ಬೆಲೆ ಕುಸಿಯಲೇಬೇಕು. ಅದರ ಮೇಲೆ 2016ರ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು. ರಾಶಿಯ ಹೊತ್ತಿಗೆ ಪೇಟೆಯಲ್ಲಿ ನಗದು ಇರಲಿಲ್ಲ. 2017ರ ಆರಂಭದಲ್ಲಿ ಕಲಬುರಗಿಯ ಪೇಟೆಯಲ್ಲಿ ಧಾರಣೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು.

ರೈತನ ಕಷ್ಟವನ್ನು ಪತ್ರಿಕೆಗಳು ಬರೆದವು. ಅವನ ಪಕ್ಕದಲ್ಲಿದ್ದ ಸಣ್ಣ ಗಿರಣಿಯವನ ಲೆಕ್ಕ ಅಷ್ಟಾಗಿ ಯಾರಿಗೂ ಬೇಕಾಗಲಿಲ್ಲ.

ಗಿರಣಿಯ ಕೆಲಸ ಸರಳವಾಗಿ ಕಾಣುತ್ತದೆ. ಕಾಳನ್ನು ಶುಚಿಮಾಡಿ, ಕುರುಂದದ ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕಿ, ಸ್ವಲ್ಪ ಎಣ್ಣೆ ಸವರಿ, ಬಿಸಿಲಿಗೆ ಹರಡುತ್ತಾರೆ. ಸಿಪ್ಪೆಯ ಕೆಳಗೆ ಅದನ್ನು ಕಾಳಿಗೆ ಅಂಟಿಸಿರುವ ಗೋಂದಿನ ಪದರವಿದೆ. ಎಣ್ಣೆಯೂ ಬಿಸಿಲೂ ಅದನ್ನು ಸಡಿಲಿಸುತ್ತವೆ. ಆಮೇಲೆ ಸಿಪ್ಪೆ ಬಿಟ್ಟು ಕಾಳು ಎರಡಾಗಿ ಒಡೆಯುತ್ತದೆ. ಒಂದು ಕ್ವಿಂಟಲ್ ತೊಗರಿಗೆ ಸಾಮಾನ್ಯವಾಗಿ 70ರಿಂದ 75 ಕಿಲೋ ಬೇಳೆ. ಉಳಿದ ಹೊಟ್ಟು, ನುಚ್ಚು ದನಗಳ ಮೇವಿಗೆ ಹೋಗುತ್ತದೆ. ಖರೀದಿಯಿಂದ ಮಾರಾಟದವರೆಗೆ ಹಲವು ದಿನ ಮಾಲು ಗಿರಣಿಯವನ ಕೈಯಲ್ಲೇ ಇರುತ್ತದೆ. ಅಪಾಯ ಅಡಗಿರುವುದು ಆ ದಿನಗಳಲ್ಲಿ.

ಲೆಕ್ಕಕ್ಕಾಗಿ ಕೆಲವು ಸುಲಭ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಬ್ಬ ಗಿರಣಿಯವನು ಕ್ವಿಂಟಲ್‌ಗೆ 10,000 ರೂಪಾಯಿಯಂತೆ 100 ಕ್ವಿಂಟಲ್ ಕೊಂಡ. ಹತ್ತು ಲಕ್ಷ ರೂಪಾಯಿ ಹೂಡಿದ. ಬೇಳೆ ಮಾರುವ ಮೊದಲೇ ತೊಗರಿಯ ಧಾರಣೆ 5,000ಕ್ಕೆ ಇಳಿಯಿತು. ಬೇಳೆಯ ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ. ಮಾಲಿನ ಬೆಲೆಯಲ್ಲಿ ಐದು ಲಕ್ಷ ಕರಗಿತು. ಬೀಸುವ ಕೆಲಸದಿಂದ ಅವನಿಗೆ ಕ್ವಿಂಟಲ್‌ಗೆ 200 ರೂಪಾಯಿ ಉಳಿಯುತ್ತದೆ ಎನ್ನಿ. ಕಳೆದುಕೊಂಡದ್ದನ್ನು ತುಂಬಲು 2,500 ಕ್ವಿಂಟಲ್ ಬೀಸಬೇಕು! ಅವನ ಯಂತ್ರ ಕೆಟ್ಟಿಲ್ಲ, ಆಳುಗಳು ಸೋಮಾರಿಗಳಲ್ಲ, ಗಿರಾಕಿ ಓಡಿಹೋಗಿಲ್ಲ. ಗೋದಾಮಿನಲ್ಲಿ ಮಾಲು ಸುಮ್ಮನೆ ಕುಳಿತದ್ದೇ ನಷ್ಟ.

ಹೀಗಾದಾಗ ಗಿರಣಿಗೆ ಬೀಗ ಹಾಕಬೇಕೆ? ತಿಂಗಳ ಬಾಡಿಗೆ, ಸಾಲದ ಬಡ್ಡಿ, ವಿದ್ಯುತ್ತಿನ ನಿಗದಿತ ಶುಲ್ಕ ಸೇರಿ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಬೀಗ ಹಾಕಿದರೂ ಇದು ತಪ್ಪದು. ಈಗ ಅವನು ತನ್ನ ಹಣದಿಂದ ಮಾಲು ಕೊಳ್ಳುವುದನ್ನು ನಿಲ್ಲಿಸಿ, ಬೇರೆಯವರ ತೊಗರಿಯನ್ನು ಕೂಲಿಗೆ ಬೀಸಿಕೊಡುತ್ತಾನೆ. ತಿಂಗಳಿಗೆ 90,000 ರೂಪಾಯಿ ಬರುತ್ತದೆ. ಆಳುಗಳ ಕೂಲಿ, ಬಳಸಿದ ವಿದ್ಯುತ್ತಿಗೆ 50,000 ಹೋಗುತ್ತದೆ. ಎಲ್ಲ ಕಳೆದರೆ 20,000 ನಷ್ಟ. ಮುಚ್ಚಿದ್ದರೆ ನಷ್ಟ 60,000. ನಷ್ಟದಲ್ಲೂ ಗಿರಣಿ ಓಡಿಸುವವನನ್ನು ಕಂಡು ಊರವರು ನಗಬಹುದು. ಲೆಕ್ಕ ಅವನ ಪರವಾಗಿದೆ. ಕೂಲಿಗೆ ಬೀಸುವುದರಲ್ಲಿ ಇನ್ನೊಂದು ಅನುಕೂಲ, ಬೆಲೆ ಬಿದ್ದರೆ ಬಿದ್ದದ್ದು ಬೇರೆಯವರ ಮಾಲು. ಆದರೆ ಬರುವ ಹಣ ಕೂಲಿ-ವಿದ್ಯುತ್ತಿಗೂ ಸಾಲದ ದಿನ ಬಂದರೆ ಆಗ ಮುಚ್ಚುವುದೇ ಸರಿ, ಅಭಿಮಾನಕ್ಕಾಗಿ ಓಡಿಸಬಾರದು.

2020ರ ಪೆಟ್ಟು ಬೇರೆ ಬಗೆಯದು. ಭಾರತದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಕಲಬುರಗಿಯ ವ್ಯಕ್ತಿಯೊಬ್ಬರದು, ಮಾರ್ಚ್ 10ರಂದು. ಲಾಕ್‌ಡೌನ್ ಬಂದಾಗ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತಾತ್ರೇಯ ದೇವಸ್ಥಾನಕ್ಕೆ ಭಕ್ತರು ಬರುವುದು ನಿಂತಿತು. ಕಾಯಿ-ಹೂವಿನ ಅಂಗಡಿ, ಊಟದ ಖಾನಾವಳಿಗಳಿಗೆ ಧಾರಣೆಯ ಪ್ರಶ್ನೆಯೇ ಇಲ್ಲ; ಗಿರಾಕಿಯೇ ಇಲ್ಲ. ಅದೇ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಅಣೆಕಟ್ಟುಗಳಿಂದ ಬಂದ ನೀರಿಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹಲವು ಹಳ್ಳಿಗಳಿಗೆ ನುಗ್ಗಿದಳು. ಆ ವರ್ಷ ಮಾರ್ಚಿನಿಂದ ಆಗಸ್ಟ್‌ವರೆಗೆ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತ್ತು. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲವೆಂಬುದನ್ನು ಆಗ ಓದಿ ನೋಡಿದವರು ಕಡಿಮೆ. ಸರಕಾರದ ಖಾತರಿಯ ಮೇಲೆ, ಹೊಸ ಅಡಮಾನವಿಲ್ಲದೆ, ಇದ್ದ ಸಾಲದ ಶೇಕಡಾ 20ರಷ್ಟು ಹೆಚ್ಚುವರಿ ಸಾಲವೂ ಆಗ ದೊರೆಯಿತು. ಇದು ಲೆಕ್ಕ ಇಟ್ಟು ಬ್ಯಾಂಕಿನಲ್ಲಿ ವ್ಯವಹರಿಸುತ್ತಿದ್ದವರಿಗೆ ಮಾತ್ರ. ಉದ್ದರಿ ಪುಸ್ತಕದಲ್ಲೇ ಬದುಕಿದ್ದ ಅಂಗಡಿಗೆ ಅದರ ಪ್ರಯೋಜನವಿಲ್ಲ, ಏಕೆಂದರೆ ಇಪ್ಪತ್ತು ಪಾಲು ತೆಗೆಯಲು ಅದರ ಹೆಸರಿನಲ್ಲಿ ಸಾಲವೇ ಇರಲಿಲ್ಲ.

ಇನ್ನು ಚೇತರಿಕೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಉದ್ಯಮಕ್ಕೆ ಇಳಿತಕ್ಕಿಂತ ಚೇತರಿಕೆಯ ಕಾಲವೇ ಹೆಚ್ಚು ಮೋಸದ್ದು. 2022ರಲ್ಲಿ ಅತಿವೃಷ್ಟಿ ಮತ್ತು ನೆಟೆ ರೋಗದಿಂದ ಕಲಬುರಗಿಯ ತೊಗರಿ ಒಣಗಿತು. 2023ರಲ್ಲಿ ಮಳೆ ಕೈಕೊಟ್ಟಿತು. ಧಾರಣೆ ಮತ್ತೆ ಹತ್ತು ಸಾವಿರ ದಾಟಿತು. ‘ಪೇಟೆ ಎದ್ದಿತು’ ಎಂದರು. ಆದರೆ ಐದು ಲಕ್ಷ ಬಂಡವಾಳದ ಗಿರಣಿ 5,000ದ ಧಾರಣೆಯಲ್ಲಿ 100 ಕ್ವಿಂಟಲ್ ಕೊಳ್ಳುತ್ತಿತ್ತು. 10,000ದಲ್ಲಿ ಕೊಳ್ಳುವುದು 50 ಮಾತ್ರ. ಯಂತ್ರ ಅರ್ಧ ದಿನ ಖಾಲಿ, ಬಾಡಿಗೆ ಮಾತ್ರ ಪೂರ್ತಿ. ಇಳಿತದಲ್ಲಿ ಹೇಗೋ ಉಳಿದ ಗಿರಣಿ ಏರಿಕೆಯಲ್ಲಿ ಉಸಿರುಗಟ್ಟುವುದು ಹೀಗೆ. 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ದಾಸ್ತಾನಿಗೆ ಮಿತಿ ಹಾಕಿತು. ಕೊಳ್ಳಲು ಹಣವೇ ಇಲ್ಲದ ಗಿರಣಿಗೆ ಆ ಮಿತಿ ಮುಟ್ಟುವ ಭಯವೂ ಇರಲಿಲ್ಲ!

ಇದಕ್ಕೆ ದಾರಿಗಳಿವೆ, ಸುಲಭವಾದವಲ್ಲ. ಸಣ್ಣ ಉದ್ಯಮದ ದುಡಿಯುವ ಬಂಡವಾಳದ ಮಿತಿಯನ್ನು ಮುಂಬರುವ ವರ್ಷದ ಅಂದಾಜು ವಹಿವಾಟಿನ ಶೇಕಡಾ 20ರ ಆಧಾರದ ಮೇಲೆ ನಿರ್ಧರಿಸುವ ಪದ್ಧತಿ ಬ್ಯಾಂಕುಗಳಲ್ಲಿದೆ. ಧಾರಣೆ ಇಮ್ಮಡಿಯಾದರೆ ವಹಿವಾಟಿನ ಅಂದಾಜೂ ಬದಲಾಗುತ್ತದೆ. ಮಿತಿಯನ್ನು ಮರುಪರಿಶೀಲಿಸಿರೆಂದು ಕಾಗದಪತ್ರದೊಡನೆ ಕೇಳಬೇಕು. ಇನ್ನೊಂದು ದಾರಿ, ಮಾರಿದ ಮಾಲಿನ ಹಣ ಬೇಗ ತರುವುದು. 2006ರ ಸಣ್ಣ ಕೈಗಾರಿಕೆಗಳ ಕಾಯಿದೆಯ ಪ್ರಕಾರ, ನೋಂದಾಯಿತ ಸಣ್ಣ ಉತ್ಪಾದಕನಿಗೆ ಕೊಳ್ಳುವವನು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ದೊಡ್ಡ ವ್ಯಾಪಾರಿಯ ಮುಂದೆ ಈ ಕಾಯಿದೆ ಹೇಳಿದವನಿಗೆ ಮರುವರ್ಷ ಆರ್ಡರು ಸಿಗುವುದೇ ಎಂಬ ಭಯ ಮಾತ್ರ ಕಾಯಿದೆಯಲ್ಲಿ ಬರೆದಿಲ್ಲ.

2025ರ ಆರಂಭದಲ್ಲಿ ಧಾರಣೆ ಪುನಃ ಇಳಿದು 7,550 ರೂಪಾಯಿಯ ಬೆಂಬಲ ಬೆಲೆಯ ಆಸುಪಾಸಿಗೆ ಬಂದಿತು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಗಡಿಯಿದ್ದರೆ ಒಪ್ಪಿಗೆ ಪಡೆದು ಒಂದು ಲೆಕ್ಕ ಮಾಡಿ ನೋಡಿ. ದಿನಕ್ಕೆ ಸರಾಸರಿ ಎಷ್ಟು ಉದ್ದರಿ ಹೋಗುತ್ತದೆ, ಅದು ಎಷ್ಟು ದಿನಕ್ಕೆ ಮರಳುತ್ತದೆ? ಎರಡನ್ನೂ ಗುಣಿಸಿ. ದಿನಕ್ಕೆ 5,000 ರೂಪಾಯಿ 30 ದಿನಕ್ಕೆ ಮರಳಿದರೆ ಒಂದೂವರೆ ಲಕ್ಷ ಹೊರಗಿದೆ. 60 ದಿನಕ್ಕಾದರೆ ಮೂರು ಲಕ್ಷ. ಈ ಅಂಕಿಯನ್ನು ರಾಶಿಗೆ ಮೊದಲು ಒಮ್ಮೆ, ರಾಶಿಯಾದ ಮೇಲೆ ಒಮ್ಮೆ ಬರೆದಿಡಿ.